ಗಂಟೆ ಕೇಳುವಷ್ಟು ದೂರ

ಸಾಗರ ತಾಲ್ಲೂಕು
2025 ಏಪ್ರಿಲ್ 3, ಗುರುವಾರ

ನಮ್ಮ ತೋಟಕ್ಕೆ ಬಿಸಿಲು ಇಳಿಯುವುದು ಏಳೂ ಇಪ್ಪತ್ತಕ್ಕೆ. ಅಷ್ಟರಲ್ಲಿ ಸೂರ್ಯ ಹುಟ್ಟಿ ಗಂಟೆಯಾಗಿರುತ್ತದೆ. ಎರಡು ಗುಡ್ಡಗಳ ನಡುವಿನ ತೋಟವಾದ್ದರಿಂದ ಬೆಳಕು ಮೂಡಲ ಬೆಟ್ಟ ಹತ್ತಿ ಇಳಿದು ಬರಬೇಕು. ಬಂದದ್ದು ಅಡಿಕೆ ಮರಗಳ ನಡುವೆ ಅಡ್ಡಡ್ಡ ನುಗ್ಗಿ ಇಪ್ಪತ್ತೈದು ನಿಮಿಷ ನಿಲ್ಲುತ್ತದೆ. ಆಮೇಲೆ ಮೇಲೇರಿ ಎಲ್ಲವನ್ನೂ ಚಪ್ಪಟೆ ಮಾಡಿಬಿಡುತ್ತದೆ. ನನ್ನ ಫೋಟೋಕ್ಕೆ ಬೇಕಾದದ್ದು ಆ ಬೆಳಕು. ಹಾಸಿಗೆ ಹಿಡಿದಿರುವ ನನ್ನ ಯಜಮಾನರು, ಇವರ ತಿಂಡಿಯ ಹೊತ್ತೂ ಸರಿಯಾಗಿ ಅದೇ. ತಿಂಡಿ, ನಂತರ ಬಿ.ಪಿ. ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ. ಫೆಬ್ರವರಿಯಲ್ಲಿ ನಾನು ಕ್ಯಾಮೆರಾ ಹಿಡಿದಂದಿನಿಂದ ಈ ಎರಡರ ಜಗಳದಲ್ಲಿ ಬಿಸಿಲು ಒಂದು ದಿನವೂ ಗೆದ್ದಿರಲಿಲ್ಲ. ಇಂದು ಗೆದ್ದಿತು.

ಜನವರಿಯ ಆ ರಾತ್ರಿ ಇವರ ಬಾಯಿ ಓರೆಯಾಯಿತು, ಬಲಗೈ ಜೋತುಬಿತ್ತು. ಇಂಥ ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಟ್ಟಾಗಬೇಕಂತೆ. ನನಗೆ ತಿಳಿದದ್ದು ಆಮೇಲೆ. ಸಾಗರದಿಂದ ಶಿವಮೊಗ್ಗಕ್ಕೇ 70 ಕಿಲೋಮೀಟರ್ ಚಿಲ್ಲರೆ, ನಮ್ಮ ಮನೆಯಿಂದ ಸಾಗರಕ್ಕೆ ಇನ್ನೊಂದಷ್ಟು. "ಬೆಳಗಾಗಲಿ, ನೋಡೋಣ" ಎಂದವಳು ನಾನೇ. ಅದರ ಬಗ್ಗೆ ಇಷ್ಟು ಸಾಕು.

ಕ್ಯಾಮೆರಾ ಇವರದು. ಫಿಲ್ಮ್ ರೋಲ್ ತೊಳೆಸಲು ಪೇಟೆಗೆ ಓಡುತ್ತಿದ್ದ ಕಾಲದಿಂದ ಹತ್ತಿದ ಹುಚ್ಚು. ಮಳೆಗಾಲದಲ್ಲಿ ಬೂಸಲು ಹಿಡಿಯದಿರಲೆಂದು ಲೆನ್ಸುಗಳನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ, ನನ್ನ ಉಪ್ಪಿನಕಾಯಿ ಭರಣಿಗಿಂತ ಹೆಚ್ಚಿನ ಮಡಿಯಲ್ಲಿ ಇಡುತ್ತಿದ್ದರು. ನಾನು ನಗುತ್ತಿದ್ದೆ. ಫೆಬ್ರವರಿಯಲ್ಲಿ ಒಂದು ದಿನ, ಸುಮ್ಮನೆ ಬಿದ್ದು ಹಾಳಾದೀತೆಂದು ಹೊರತೆಗೆದವಳು ಒಂದು ಗುಂಡಿ ಒತ್ತಿದೆ. ಹಾಗೆ ಶುರುವಾಯಿತು. 100 ಎಂ.ಎಂ. ಮ್ಯಾಕ್ರೊ ಲೆನ್ಸ್ ಎಂದರೆ ಏನು, ಜೇನು ಅಲುಗಾಡದಂತೆ ಸಿಗಬೇಕಾದರೆ ಶಟರ್ ಎಷ್ಟು ಚುರುಕಾಗಿರಬೇಕು ಎಂಬುದನ್ನೆಲ್ಲ ಕೆಟ್ಟ ಚಿತ್ರಗಳಿಂದ ಕಲಿತೆ. ಹೇಳಿಕೊಡಬೇಕಾದವರಿಗೆ ಮಾತು ಹೋಗಿದೆ. ಉಳಿದಿರುವುದು "ಹೌದು" ಒಂದೇ, ಬೇಕಾದರೂ ಹೌದು, ಬೇಡವಾದರೂ ಹೌದು.

ಇವರ ಮಂಚಕ್ಕೆ ದನದ ಕೊರಳ ಗಂಟೆ ಕಟ್ಟಿದ್ದೇನೆ. ಎಡಗೈಯಿಂದ ಬಾರಿಸುತ್ತಾರೆ. ಅದು ಕೇಳಿಸುವಷ್ಟು ದೂರವೇ ನನ್ನ ಛಾಯಾಗ್ರಹಣದ ಸೀಮೆ. ಹಿತ್ತಿಲು, ಬಚ್ಚಲು ನೀರಿನ ಬಾಳೆ, ಸಂಕದ ಕಾಲುಸೇತುವೆ ದಾಟಿದರೆ ತೋಟದ ಮೊದಲ ಎರಡು ಸಾಲು. ಪಕ್ಕದ ಮನೆಯ ದನಕ್ಕೂ ಅಂಥದೇ ಗಂಟೆ ಇದೆ. ಅದು ಬೇಲಿಯಾಚೆ ತಲೆ ಕೊಡವಿದಾಗಲೆಲ್ಲ ಸೀರೆ ಎತ್ತಿ ಕಟ್ಟಿಕೊಂಡು ಓಡಿಬಂದದ್ದು ಎಷ್ಟು ಸಲವೋ!

ಬೆಟ್ಟಕ್ಕೆ ಹೋಗುವ ಆಸೆ ಇಲ್ಲದಿಲ್ಲ. ಮೇಲೆ ಸುರಗಿ ಅರಳಿದೆ. ಒಣಗಿ ಉದುರಿದ ಎಲೆ, ದರಗು ತರಲು ಹೋದವರು ಸೊಂಟದಲ್ಲಿ ಒಂದು ಹಿಡಿ ಸಿಕ್ಕಿಸಿಕೊಂಡು ಬಂದರೆ ಜಗಲಿಯೆಲ್ಲ ಘಮ್ಮೆನ್ನುತ್ತದೆ. ಆದರೆ ಇದು ರಕ್ತ ಹೀರುವ ಉಣುಗಿನ ಕಾಲ. ಅದು ಕಚ್ಚಿ ಹರಡುವ ಜ್ವರ, ಮಂಗನ ಕಾಯಿಲೆ, ಮೊದಲು ಕಂಡದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಂದಿಗೂ ಬೇಸಿಗೆಯಲ್ಲಿ ಬೆಟ್ಟ ಹತ್ತುವವರಿಗೆ ಅದರದೇ ಅಂಜಿಕೆ. ಕೈಕಾಲಿಗೆ ಎಣ್ಣೆ ಬಳಿದುಕೊಂಡು ಹೋಗಬಹುದು. ಹೋಗಿ ನಾನು ಜ್ವರ ಹಿಡಿದು ಮಲಗಿದರೆ ಇವರ ಬಾಯಿಗೆ ತುತ್ತು ಇಡುವವರು ಯಾರು? ತುತ್ತೂ ಸುಲಭದ್ದಲ್ಲ. ನೀರಾಗಿದ್ದರೆ ನೆತ್ತಿಗೆ ಹತ್ತುತ್ತದೆ. ಎಲ್ಲವೂ ಮಂದವಾಗಿರಬೇಕು, ನೆಟ್ಟಗೆ ಕೂರಿಸಿ ಚಮಚೆ ಚಮಚೆಯಾಗಿ ಕೊಡಬೇಕು. ತಂಬುಳಿ ಇಲ್ಲದೆ ಊಟಕ್ಕೆ ಕೂರದಿದ್ದ ಮನುಷ್ಯ ಈಗ ನನ್ನ ಬಟ್ಟಲನ್ನು ನೋಡುತ್ತಾರೆ. ನಾನು ಅಡುಗೆಮನೆಯಲ್ಲಿ ನಿಂತೇ ಕುಡಿದು ಬರುತ್ತೇನೆ.

ನಿನ್ನೆ ಸಂಜೆ ಮೊದಲ ಸಾಲಿನ ಎಳೆಯ ಅಡಿಕೆ ಮರದಿಂದ ಸೋಗೆಯ ಬುಡದ ಹಾಳೆ ಕಳಚಿ ಬಿದ್ದಿತ್ತು. ಇವರೇ ನೆಟ್ಟ ಸಸಿ, ಐದನೇ ವರ್ಷ, ಚೊಚ್ಚಲ ಸಿಂಗಾರ, ಎಂದರೆ ಅಡಿಕೆಯ ಹೂಗೊಂಚಲು. ನನ್ನ ತಲೆಗಿಂತ ಸ್ವಲ್ಪವೇ ಎತ್ತರ. ಬೆಳಿಗ್ಗೆ ನೋಡಿದರೆ ಸಿಂಗಾರವನ್ನು ಮುಚ್ಚಿದ್ದ ಹೊಂಬಾಳೆ ಸೀಳಿ ಎಳೆಗಳು ಹೊರಗೆ ಚೆಲ್ಲಿದ್ದವು. ಬುಡದಲ್ಲಿ ಹೆಣ್ಣು ಹೂವಿನ ದಪ್ಪ ಮೊಗ್ಗು. ಅದರ ಸರದಿ ಬರುವುದು ಎಳೆಗಳ ಗಂಡು ಹೂವೆಲ್ಲ ಅರಳಿ ಉದುರಿದ ಮೇಲೆ. ಅಕ್ಕಿಕಾಳಿನಷ್ಟು ಗಂಡು ಹೂವಿಗೆ ಆಗಲೇ ತುಡುವೆ ಜೇನು ಮುತ್ತಿತ್ತು. ಸ್ಟೂಲು ತಂದು ಹತ್ತಿದೆ. ಬಿಸಿಲು ಹಿಂದಿನಿಂದ ಬಂದು ಎಳೆ ಎಳೆಯೂ ಬೆಣ್ಣೆ ಸವರಿದಂತೆ ಹೊಳೆಯಿತು.

ಗಂಟೆ ಕೇಳಿಸಿತು. ಪಕ್ಕದ ಮನೆಯ ದನ ಎಂದುಕೊಂಡೆ. ದನವಲ್ಲವೆಂದು ಗೊತ್ತಿತ್ತು. ಎಂಟು ಚಿತ್ರ ತೆಗೆದ ಮೇಲೆ ಸ್ಟೂಲಿನಿಂದ ಇಳಿದೆ.

ಇವರು ಮುಖ ಗೋಡೆಯ ಕಡೆ ತಿರುಗಿಸಿ ಮಲಗಿದ್ದರು. ಪಂಚೆ ಒದ್ದೆಯಾಗಿತ್ತು. ಬದಲಿಸಿದೆ, ಒರೆಸಿದೆ. ಗಂಜಿಗೆ ಬಾಯಿ ತೆರೆಯಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ, ನನಗೂ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಒಂಬತ್ತಕ್ಕೆ ತಿಂದರು, ಮಾತ್ರೆಯೂ ಆಯಿತು.

ಮಧ್ಯಾಹ್ನ ಕ್ಯಾಮೆರಾ ಹಿಡಿದು ಪಕ್ಕದಲ್ಲಿ ಕೂತೆ. "ಚೆನ್ನಾಗಿದೆಯೇ?" ಎಂದರೆ "ಹೌದು." ಆ ಹೌದಿಗೆ ಬೆಲೆಯಿಲ್ಲ. ಆದರೆ ಎಡಗೈ ಹೆಬ್ಬೆರಳು ಪರದೆಯ ಮೂಲೆಗೆ ಬಂದು ಅಲ್ಲೇ ಕೂತಿತು. ಸರಿಸಿದೆ, ಮತ್ತೆ ಬಂತು. ನೀರು ಬೇಕೇ, ದಿಂಬು ಏರಿಸಲೇ ಎಂದೆಲ್ಲ ಕೇಳಿದೆ. ಹೆಬ್ಬೆರಳು ಅಲುಗಲಿಲ್ಲ. ಕೊನೆಗೆ ಬೆರಳಿನ ಕೆಳಗೆ ಏನಿದೆ ಎಂದು ನೋಡಿದರೆ ಸ್ಪ್ರಿಂಕ್ಲರಿನ ಪೈಪು! ಸಿಂಗಾರದ ಹಿಂದೆ ಕರ್ರಗೆ ಅಡ್ಡ ಬಿದ್ದಿತ್ತು. ನನ್ನ ಕಣ್ಣಿಗೆ ಕಂಡೇ ಇರಲಿಲ್ಲ. ಬೆರಳು ಮುಚ್ಚಿದ ಮೇಲೆ ಚಿತ್ರ ಬೇರೆಯದೇ ಆಗಿತ್ತು. ಎಂಟರಲ್ಲೂ ಇತ್ತು ಆ ಪೈಪು, ಎಂಟರ ಮೇಲೂ ಬಂತು ಆ ಹೆಬ್ಬೆರಳು.

ಸಂಜೆ ಗುಡುಗಿತು, ಮಳೆ ಬರಲಿಲ್ಲ. ಮರ ಹತ್ತುವವನು ಉಪ್ಪಿನಕಾಯಿಗೆ ಮುನ್ನೂರು ಜೀರಿಗೆ ಮಾವಿನ ಮಿಡಿ ಕೊಯ್ದು ತಂದಿದ್ದ. ತೊಟ್ಟು ಮುರಿದದ್ದನ್ನು ಆರಿಸಿ ಬೇರೆ ಹಾಕುವ ಕೆಲಸ ಇವರಿಗೆ ಕೊಟ್ಟೆ. ಸ್ವಲ್ಪ ಹೊತ್ತು ಆರಿಸಿದರು. ಆಮೇಲೆ ನಾನು ಕಲ್ಲುಪ್ಪು ಅಳೆಯುತ್ತಿದ್ದಾಗ, ಒಂದೊಂದೇ ಮಿಡಿಯನ್ನು ಎಡಗೈಯಿಂದ ಬಲ ಅಂಗೈಯಲ್ಲಿಟ್ಟು ಬೆರಳು ಮಡಚಲು ನೋಡುತ್ತಿದ್ದರು. ನಾನು ನೋಡದವಳಂತೆ ಇದ್ದೆ. ಗುಡಿಸುವಾಗ ಮಂಚದಡಿಯಲ್ಲಿ ಹನ್ನೊಂದು ಮಿಡಿ ಸಿಕ್ಕಿತು. ನೆಲಕ್ಕೆ ಬಿದ್ದು ಪೆಟ್ಟಾದದ್ದನ್ನು ಭರಣಿಗೆ ಹಾಕುವಂತಿಲ್ಲ, ಉಳಿದದ್ದೂ ಕೊಳೆಯುತ್ತದೆ. ನಾಳೆ ಗೊಜ್ಜಿಗಾಯಿತು, ಮಂದವಾಗಿಯೇ ಮಾಡುತ್ತೇನೆ.