‘ಎಲ್ಲವೂ ಒಂದೇ ಥರ ಇರಲಿ’ ಅಂತ ಹೇಳಿಕೊಟ್ಟಿದ್ದು ನಾನೇ

ಅಮೆರಿಕದ ಕಾಲೇಜುಗಳಿಗೆ ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆಗೆ ಓದುವ ಮಕ್ಕಳಿಗೆ ನಾನು ಇಂಗ್ಲಿಷ್ ಗ್ರಾಮರ್ ಹೇಳಿಕೊಡುತ್ತೇನೆ. ಓದು-ಬರಹದ ಭಾಗದಲ್ಲಿ ಎರಡು ಮಾಡ್ಯೂಲ್. ಒಂದೊಂದರಲ್ಲೂ 27 ಪ್ರಶ್ನೆ, 32 ನಿಮಿಷ. ಅಂದ್ರೆ ಒಂದು ಪ್ರಶ್ನೆಗೆ ಸಿಗುವುದು ಸುಮಾರು 71 ಸೆಕೆಂಡು. ಗ್ರಾಮರ್ ಪ್ರಶ್ನೆಗಳಾದರೂ ಬೇಗ ಮುಗಿದರೆ ಉಳಿದ ಸಮಯವನ್ನು ಕಷ್ಟದ ಪ್ಯಾಸೇಜ್‌ಗಳಿಗೆ ಕೊಡಬಹುದು ಅಂತ ಮಕ್ಕಳಿಗೆ ಒಂದು ಸುಲಭದ ಸೂತ್ರ ಹೇಳಿದ್ದೆ: ಎಲ್ಲವೂ ಒಂದೇ ಥರ ಇರಲಿ. ಪ್ಯಾರಲೆಲ್ ಸ್ಟ್ರಕ್ಚರ್‌ಗೂ (ಪಟ್ಟಿಯಲ್ಲಿ ಬರುವ ಪದಗಳೆಲ್ಲ ಒಂದೇ ರೂಪದಲ್ಲಿರುವುದು) ಅದೇ, ಟೆನ್ಸ್‌ಗೂ ಅದೇ.

ಮೊದಮೊದಲು ಚೆನ್ನಾಗಿಯೇ ನಡೆಯಿತು. ‘ಶಿ ಲೈಕ್ಸ್ ರೀಡಿಂಗ್, ಸ್ವಿಮ್ಮಿಂಗ್ ಆಂಡ್ ಟು ಪೇಂಟ್’ ಅಂತ ಬೋರ್ಡ್ ಮೇಲೆ ಬರೆದರೆ ತಪ್ಪು ಎಲ್ಲಿದೆ ಅಂತ ಇಡೀ ಕ್ಲಾಸಿಗೆ ಗೊತ್ತಾಗುತ್ತಿತ್ತು. ಕನ್ನಡದಲ್ಲೂ ಹಾಗೇ ಅಲ್ವಾ, ‘ಅವಳಿಗೆ ಓದುವುದು, ಈಜುವುದು, ಚಿತ್ರ ಬರೆಯಲು ಇಷ್ಟ’ ಅಂದರೆ ಕಿವಿಗೇ ಚುಚ್ಚುತ್ತದೆ.

ಆಮೇಲೆ ಒಂದು ದಿನ ತುಂಬ ಚುರುಕಾದ ಹುಡುಗಿಯೊಬ್ಬಳು ಈ ವಾಕ್ಯದಲ್ಲಿ ತಪ್ಪು ಮಾಡಿದಳು: ‘ದ ಟೀಮ್ ಕಲೆಕ್ಟೆಡ್ ಸಾಂಪಲ್ಸ್ ಆಂಡ್ ಟೆಸ್ಟೆಡ್ ದೆಮ್, ಕನ್ಫರ್ಮಿಂಗ್ ದ ಅರ್ಲಿಯರ್ ರಿಸಲ್ಟ್ಸ್.’ ‘ಕನ್ಫರ್ಮಿಂಗ್’ ಬರಬೇಕಾದ ಜಾಗ ಖಾಲಿ ಇತ್ತು. ಅವಳು ‘ಕನ್ಫರ್ಮ್ಡ್’ ಆರಿಸಿದ್ದಳು. ಯಾಕೆ ಅಂತ ಕೇಳಿದೆ. ‘ನೀವೇ ಹೇಳಿದ್ರಲ್ಲಾ ಮೇಡಂ, ಕಲೆಕ್ಟೆಡ್, ಟೆಸ್ಟೆಡ್, ಕನ್ಫರ್ಮ್ಡ್, ಎಲ್ಲ ಒಂದೇ ಥರ’ ಅಂದಳು.

ತಪ್ಪು ಅವಳದಲ್ಲ. ತಂಡ ಮಾಡಿದ ಕೆಲಸ ಎರಡೇ. ಸಂಗ್ರಹಿಸಿತು, ಪರೀಕ್ಷಿಸಿತು. ‘ಆಂಡ್’ ಆ ಎರಡನ್ನು ಜೋಡಿಸಿ ಅಲ್ಲಿಗೇ ಮುಗಿಸಿದೆ. ‘ಕನ್ಫರ್ಮಿಂಗ್’ ಅನ್ನುವುದು ಪಟ್ಟಿಯ ಮೂರನೆಯ ಕೆಲಸ ಅಲ್ಲವೇ ಅಲ್ಲ, ಆ ಎರಡರಿಂದ ಏನಾಯಿತು ಅಂತ ಹೇಳುವ ಬಾಲ ಅಷ್ಟೇ. ಅದೇ ವಾಕ್ಯ ‘ಕಲೆಕ್ಟೆಡ್ ಸಾಂಪಲ್ಸ್, ಟೆಸ್ಟೆಡ್ ದೆಮ್, ಆಂಡ್’ ಅಂತ ಇದ್ದಿದ್ದರೆ ಅವಳ ಉತ್ತರವೇ ಸರಿ. ‘ಆಂಡ್’ ಎಲ್ಲಿ ಕೂತಿದೆ ಅನ್ನುವುದನ್ನು ನಾನು ನೋಡಿಸಿರಲೇ ಇಲ್ಲ. ಬರೀ ಪದದ ತುದಿ ನೋಡಿಸಿದ್ದೆ.

ಅವತ್ತು ಮನೆಗೆ ಹೋಗಿ ಹಳೆಯ ಪ್ರಾಕ್ಟೀಸ್ ಪೇಪರುಗಳನ್ನು ತೆಗೆದು ನೋಡಿದರೆ ಟೆನ್ಸ್‌ನಲ್ಲೂ ಅದೇ ಕಥೆ. ‘1932ರಲ್ಲಿ ತೆರೆದ ಸಿಡ್ನಿಯ ಸೇತುವೆ ಇಂದಿಗೂ ವಾಹನಗಳನ್ನು ಹೊರುತ್ತದೆ’ ಅನ್ನುವ ಅರ್ಥದ ವಾಕ್ಯದಲ್ಲಿ ‘ಕ್ಯಾರೀಸ್’ ಬರಬೇಕು. ಮೊದಲು ‘ಓಪನ್ಡ್’ ಇದೆ ಅಂತ ಅರ್ಧ ಕ್ಲಾಸು ‘ಕ್ಯಾರೀಡ್’ ಬರೆದಿತ್ತು. ‘ಇಂದಿಗೂ’ ಅನ್ನುವ ಪದ ಕಣ್ಣೆದುರೇ ಇದ್ದರೂ ಸೂತ್ರವೇ ಗೆದ್ದಿತ್ತು.

ಈಗ ನಾನು ಆಪ್ಷನ್‌ಗಳನ್ನು ಕೈಯಿಂದ ಮುಚ್ಚಿಸುತ್ತೇನೆ. ಪಟ್ಟಿಯಾದರೆ, ‘ಆಂಡ್’ ಅಥವಾ ‘ಆರ್’ ಯಾವುದನ್ನು ಯಾವುದಕ್ಕೆ ಕಟ್ಟಿದೆ ಅಂತ ಬಾಯಿಬಿಟ್ಟು ಹೇಳಬೇಕು. ಟೆನ್ಸ್ ಆದರೆ, ಖಾಲಿ ಜಾಗದ ಆಚೆ ಈಚೆ ಇರುವ ಇಸವಿ, ‘ಸಿನ್ಸ್’, ‘ಟುಡೇ’ ತರಹದ ಪದಗಳಿಗೆ ಗೆರೆ ಎಳೆಯಬೇಕು. ಶುರುವಿನಲ್ಲಿ ಜಾಸ್ತಿ ಹೊತ್ತು ಹಿಡಿಯುತ್ತದೆ, ಮಕ್ಕಳು ಗೊಣಗುತ್ತಾರೆ, ಆದರೂ ನಾನು ಬಿಡುವುದಿಲ್ಲ.

ಇನ್ನೊಂದು ವಿಷಯ ಕನ್ನಡ ಮಾತಾಡುವ ಮಕ್ಕಳಿಗೇ ಅಂತ ಬೇರೆಯಾಗಿ ಹೇಳುತ್ತೇನೆ, ಇದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ನಾವು ‘ನಿನ್ನೆ ನಿಮ್ಮ ಮನೆಗೆ ಬಂದಿದ್ದೆ’ ಅಂತ ಸಲೀಸಾಗಿ ಹೇಳುತ್ತೇವೆ, ಅದು ಸರಿಯಾದ ಕನ್ನಡವೇ. ಅದನ್ನೇ ಇಂಗ್ಲಿಷಿಗೆ ಒಯ್ದು ‘ಐ ಹ್ಯಾಡ್ ಕಮ್ ಯೆಸ್ಟರ್‌ಡೇ’ ಅಂದಾಗ ಎಡವುತ್ತೇವೆ. ಅಲ್ಲಿ ‘ಕೇಮ್’ ಸಾಕು. ‘ಹ್ಯಾಡ್’ ಬರಬೇಕಾದರೆ ಹಿಂದೆ ನಡೆದ ಇನ್ನೊಂದು ಘಟನೆಯೋ ಹೊತ್ತೋ ಬೇಕು, ಅದಕ್ಕಿಂತಲೂ ಮುಂಚೆ ಇದು ಆಗಿರಬೇಕು: ನಾವು ಹೋಗುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಆ ಹುಡುಗಿ ಈಗ ‘ಹ್ಯಾಡ್’ ಕಂಡ ಕೂಡಲೇ ‘ಯಾವುದಕ್ಕಿಂತ ಮುಂಚೆ?’ ಅಂತ ಪೇಪರ್ ಅಂಚಿನಲ್ಲಿ ಬರೆದುಕೊಳ್ಳುತ್ತಾಳೆ.