ಮೆಕಾಂಗ್ ದಂಡೆಯ ಮಗ್ಗಗಳು

ಲಾವೋಸ್‌ನ ಲುವಾಂಗ್ ಪ್ರಬಾಂಗ್‌ಗೆ ಹೋಗೋಣ ಅಂದಾಗ ಅವ್ವ ಕೇಳಿದ್ದು ಒಂದೇ ಮಾತು. "ಅಲ್ಲೇನ್ ನೇಯ್ತಾರ?" ಇಳಕಲ್ಲಿನಲ್ಲಿ ಹುಟ್ಟಿ ಬೆಳೆದವಳು, ಅರ್ಧ ಆಯುಷ್ಯ ಮಗ್ಗದ ಮುಂದೆ ಕಳೆದವಳು. ಮೊಣಕಾಲು ನೋವು ಜಾಸ್ತಿ ಆದ ಮೇಲೆ ಕುಣಿ ಮಗ್ಗಕ್ಕೆ ಇಳಿಯುವುದನ್ನು ಬಿಟ್ಟಿದ್ದಾಳೆ. ರೇಷ್ಮೆ ನೇಯ್ತಾರೆ ಅಂದೆ. "ಹಂಗಾರ ಬರ್ತೀನಿ" ಅಂದಳು.

ಊರು ಚಿಕ್ಕದು. ಒಂದು ಕಡೆ ಮೆಕಾಂಗ್, ಇನ್ನೊಂದು ಕಡೆ ನಾಮ್ ಖಾನ್. ಎರಡೂ ಸೇರುವ ಮೂಲೆಯ ಉದ್ದನೆಯ ನೆಲದ ಮೇಲೆ ಹಳೇ ಊರು ಕೂತಿದೆ. 1353ರಿಂದ ಸುಮಾರು 200 ವರ್ಷ ಲಾನ್ ಸಾಂಗ್ ರಾಜ್ಯದ ರಾಜಧಾನಿ ಇದು. ಆಮೇಲೆ ಫ್ರೆಂಚರು ಬಂದರು, ಅವರು ಕಟ್ಟಿದ ಮನೆಗಳೂ ಉಳಿದಿವೆ. 1995ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಹಾಗಾಗಿ ಎತ್ತರದ ಕಟ್ಟಡಗಳಿಲ್ಲ, ಎಲ್ಲಿ ನಿಂತರೂ ಆಕಾಶ ಕಾಣುತ್ತದೆ. ಮೊಣಕಾಲು ನೋವಿನವರಿಗೆ ಇದಕ್ಕಿಂತ ಒಳ್ಳೇ ಊರಿಲ್ಲ. ಸ್ವಲ್ಪ ನಡೆಯೋದು, ನದಿ ಕಡೆ ಮುಖ ಮಾಡಿ ಕೂರೋದು, ಕಾಫಿ ಕುಡಿಯೋದು, ಮತ್ತೆ ನಡೆಯೋದು. ಫೂಸಿ ಬೆಟ್ಟಕ್ಕೆ 300ಕ್ಕೂ ಹೆಚ್ಚು ಮೆಟ್ಟಿಲು. ನಾವು ಹತ್ತಲಿಲ್ಲ. ಕುವಾಂಗ್ ಸಿ ಜಲಪಾತಕ್ಕೂ ಹೋಗಲಿಲ್ಲ. ಏನೂ ಕಳಕೊಂಡ ಹಾಗೆ ಅನಿಸಲಿಲ್ಲ.

ಊಟದ ಬಗ್ಗೆ ನನಗೆ ಭಯ ಇತ್ತು. ಅವ್ವ ಶುದ್ಧ ಸಸ್ಯಾಹಾರಿ, ಅಲ್ಲಿ ಮೀನಿನ ಸಾಸ್ ಹಾಕದ ಅಡುಗೆ ಕಮ್ಮಿ. "ಬೋ ಸೈ ನಾಮ್ ಪಾ", ಅಂದರೆ ಮೀನಿನ ಸಾಸ್ ಹಾಕಬೇಡಿ, ಇಷ್ಟು ಕಲಿತುಕೊಂಡು ಹೋಗಿ. ಮುಖ್ಯ ಊಟ ಅಂಟು ಅನ್ನ. ರಾತ್ರಿಯಿಡೀ ಅಕ್ಕಿ ನೆನೆಸಿ, ಬೆಳಿಗ್ಗೆ ಬಿದಿರಿನ ಬುಟ್ಟಿಯಲ್ಲಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಮುಚ್ಚಳ ಇರುವ ಸಣ್ಣ ಬಿದಿರಿನ ಡಬ್ಬಿಯಲ್ಲಿ ತಂದಿಡುತ್ತಾರೆ. ಕೈಯಲ್ಲೇ ತಿನ್ನೋದು, ಸ್ವಲ್ಪ ಸ್ವಲ್ಪ ಮುರಿದು, ಉಂಡೆ ಮಾಡಿ, ಚಟ್ನಿಗೆ ಅದ್ದಿ. ಅವ್ವ ಚೀಲದಿಂದ ಶೇಂಗಾ ಚಟ್ನಿ ಪುಡಿ ತೆಗೆದಳು. ಅದಕ್ಕೂ ಇದಕ್ಕೂ ಎಷ್ಟು ಚೆನ್ನಾಗಿ ಹೊಂದಿತು ಅಂದರೆ, ಪಕ್ಕದಲ್ಲಿ ಕೂತಿದ್ದ ಅಂಗಡಿ ಅಜ್ಜಿಯೂ ಕೈ ಚಾಚಿ ಒಂದು ಚಿಟಿಕೆ ಇಸಕೊಂಡಳು. ಕೈಪೆನ್ ಅಂತ ಇನ್ನೊಂದು ತಿಂಡಿ ಇದೆ. ನದಿಯ ಪಾಚಿಯನ್ನು ತೊಳೆದು, ತೆಳುವಾಗಿ ಹರಡಿ, ಎಳ್ಳು, ಬೆಳ್ಳುಳ್ಳಿ, ಟೊಮೆಟೊ ಉದುರಿಸಿ, ಹಪ್ಪಳದ ಹಾಗೆ ಬಿಸಿಲಿಗೆ ಒಣಗಿಸಿ ಕರೀತಾರೆ. ಪಾಚಿ ಅಂತ ಮೊದಲೇ ಹೇಳಿದರೆ ತಿನ್ನಲ್ಲ ಅಂದುಕೊಂಡಿದ್ದೆ. ಹೇಳಿದ ಮೇಲೂ ತಿಂದಳು.

ಬೆಳಗಿನ ಜಾವ ಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬರುತ್ತಾರೆ. ಊರಿನ ಹೆಂಗಸರು ರಸ್ತೆ ಬದಿ ಚಾಪೆ ಹಾಸಿ, ಮೊಣಕಾಲೂರಿ ಕೂತು, ಒಬ್ಬೊಬ್ಬರ ಪಾತ್ರೆಗೂ ಒಂದೊಂದು ತುತ್ತು ಅಂಟು ಅನ್ನ ಹಾಕುತ್ತಾರೆ. ಮಾತಿಲ್ಲ. ಸಾಲಿನ ಕೊನೆಯಲ್ಲಿ ಬಡ ಮಕ್ಕಳು ಬುಟ್ಟಿ ಹಿಡಿದು ಕೂತಿರುತ್ತಾರೆ, ಭಿಕ್ಷುಗಳು ತಮ್ಮ ಪಾತ್ರೆಯಿಂದ ತೆಗೆದು ಅವರಿಗೆ ಹಾಕುತ್ತಾರೆ. ಇದು ಅವರ ದಿನದ ಪೂಜೆ. ದೊಡ್ಡ ರಸ್ತೆಯಲ್ಲಿ ಮಾತ್ರ ಪ್ರವಾಸಿಗಳು ಭಿಕ್ಷುಗಳ ಮುಖಕ್ಕೇ ಫ್ಲ್ಯಾಶ್ ಹೊಡೆಯುತ್ತಿದ್ದರು. ನೋಡಿ ಸಂಕಟ ಆಯಿತು. ದಯವಿಟ್ಟು ಒಳ ಓಣಿಗೆ ಹೋಗಿ, ರಸ್ತೆಯ ಆಚೆ ಬದಿ ನಿಂತು ನೋಡಿ. ಭುಜ ಮುಚ್ಚಿರಲಿ, ಫೋನು ಜೇಬಿನಲ್ಲಿರಲಿ. ನಮ್ಮ ಮನೆ ದೇವರ ಕೋಣೆಗೆ ಯಾರಾದರೂ ಹಾಗೆ ನುಗ್ಗಿದರೆ ಸುಮ್ನೆ ಇರ್ತೀವಾ?

ಅವ್ವ ಕಾಯುತ್ತಿದ್ದದ್ದು ಬಾನ್ ಸಾಂಗ್ ಖೋಂಗ್‌ಗೆ. ನಾಮ್ ಖಾನ್ ದಾಟಿದರೆ ಸಿಗುವ ನೇಕಾರರ ಹಳ್ಳಿ ಅದು. ನೀರು ಕಡಿಮೆ ಇರುವ ತಿಂಗಳುಗಳಲ್ಲಿ ಮಾತ್ರ ಅಲ್ಲಿ ಬಿದಿರಿನ ಸೇತುವೆ ಇರುತ್ತದೆ. ಮಳೆಗಾಲದಲ್ಲಿ ನದಿ ಏರುತ್ತದೆ, ಸೇತುವೆ ಹೋಗುತ್ತದೆ, ಮತ್ತೆ ಕಟ್ಟುತ್ತಾರೆ. ದಾಟಲು ಸ್ವಲ್ಪ ಹಣ ಕೊಡಬೇಕು. ಕಾಲಿಟ್ಟರೆ ಕಿರ್ರ್ ಅನ್ನುತ್ತೆ. ಅವ್ವ ನನ್ನ ಕೈ ಗಟ್ಟಿ ಹಿಡಕೊಂಡೇ ದಾಟಿದಳು.

ಮರದ ಮನೆಯೊಂದರ ನೆರಳಲ್ಲಿ ಒಬ್ಬ ಹೆಂಗಸು ನೇಯುತ್ತಿದ್ದಳು. "ಸಬಾಯ್ ದೀ" ಅಂದೆ, ಕೂರಲು ಸ್ಟೂಲ್ ಕೊಟ್ಟಳು. ಅಲ್ಲಿ ಕುಣಿ ಇಲ್ಲ, ನೆಲದ ಮೇಲೆ ನಿಂತ ಮರದ ಚೌಕಟ್ಟು. ಹಾಸಿನ ಎಳೆಗಳು ಮುಂದಕ್ಕೆ ಹೋಗಿ, ಮೇಲೆ ತಿರುಗಿ, ನೇಯುವವಳ ತಲೆ ಮೇಲಿನ ಅಡ್ಡ ಮರಕ್ಕೆ ಗಂಟಾಗಿ ಕಟ್ಟಿಕೊಂಡಿವೆ. ಅವ್ವ ಮೊದಲು ನೋಡಿದ್ದೇ ಅದನ್ನು. ಆಮೇಲೆ ಎಳೆಗಳನ್ನು ಬಾಚುವ ಹಣಿಗೆಯ ಹಿಂದೆ ಇಳಿಬಿದ್ದಿದ್ದ ಬಿಳಿ ನೂಲಿನ ಪರದೆ. ಅದರೊಳಗೆ ಅಡ್ಡಡ್ಡ ತೂರಿಸಿದ ದಾರಗಳು. ಒಂದೊಂದು ದಾರ ಚಿತ್ತಾರದ ಒಂದೊಂದು ಸಾಲು. ಆ ದಾರ ಹೇಳಿದಷ್ಟು ಎಳೆ ಎತ್ತಿ ಬಣ್ಣದ ಹೊಕ್ಕು ಹಾಕಿ, ದಾರವನ್ನು ಹಾಸಿನ ಕೆಳಗೆ ಇಳಿಸುತ್ತಾಳೆ. ಎಲ್ಲ ದಾರವೂ ಕೆಳಗೆ ಬಂದರೆ ಅರ್ಧ ಚಿತ್ತಾರ. ಆಮೇಲೆ ಅವೇ ದಾರ ಒಂದೊಂದಾಗಿ ಮೇಲೆ ಹೋಗುತ್ತವೆ, ಉಳಿದರ್ಧ ತಿರುಗುಮುರುಗಾಗಿ ಮೂಡುತ್ತದೆ.

"ಏ, ಎಲ್ಲಾ ಲೆಕ್ಕ ಇದರಾಗ ಕಟ್ಟಿಟ್ಟಾರ ನೋಡು!" ಅಂದಳು ಅವ್ವ. ಅವಳ ಮುಖ ಅಷ್ಟು ಅರಳಿದ್ದು ನಾನು ನೋಡಿ ಬಹಳ ಕಾಲ ಆಗಿತ್ತು.

ಲಾವೋ ಹೆಂಗಸರು ಉಡುವ ಸಿನ್, ಅಂದರೆ ಲುಂಗಿ ಥರದ ಬಟ್ಟೆಗೆ ಕೆಳಗಿನ ಅಂಚನ್ನು ಬೇರೆಯಾಗಿ ನೇಯ್ದು ಹೊಲಿಯುತ್ತಾರೆ. ಆಕೆ ಅದನ್ನು ತೋರಿಸಿದಾಗ ಅವ್ವ ತಾನುಟ್ಟ ಸೀರೆಯ ಸೆರಗು ಮುಂದೆ ತಂದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ, ಹೊಲಿಗೆ ಇಲ್ಲ. ಆಕೆ ಆ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ತಿರುಗಿಸಿ ನೋಡಿದಳು. ಮತ್ತೆ ಹೆಬ್ಬೆರಳು ಆಡಿಸಿದಳು. ಒಳಗಿಂದ ಮಗಳನ್ನು ಕೂಗಿ ಕರೆದು ಅವಳಿಗೂ ತೋರಿಸಿದಳು. ಅವ್ವ ಎರಡು ನೂಲು ಇಸಕೊಂಡು ಕೊಂಡಿ ಹಾಕಿ ತೋರಿಸಿದಳು. ಮಧ್ಯಾಹ್ನ ಅಲ್ಲೇ ಕಳೆಯಿತು. ಅವ್ವನದು ಕನ್ನಡ, ಅವರದು ಲಾವೋ, ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಒಂದು ಗುಡಿಗೆ ಮಾತ್ರ ತಪ್ಪದೆ ಹೋಗಿ, ವಾಟ್ ಸಿಯೆಂಗ್ ಥೋಂಗ್. 1560ರ ಸುಮಾರಿಗೆ ರಾಜ ಸೇತ್ಥಾತಿರಾತ್ ಕಟ್ಟಿಸಿದ್ದು. ಮಾಡು ಎಷ್ಟು ಕೆಳಗೆ ಬಾಗಿದೆ ಅಂದರೆ ನೆಲ ಮುಟ್ಟುತ್ತೇನೋ ಅನಿಸುತ್ತದೆ. ರಾಜರ ಅಂತ್ಯಯಾತ್ರೆಯ ರಥ ಇಟ್ಟಿರುವ ಮನೆಯ ಹೊರಗೆ, ಚಿನ್ನದ ಬಣ್ಣ ಬಳಿದ ಮರದ ಹಲಗೆಗಳಲ್ಲಿ ರಾಮಾಯಣ ಕೆತ್ತಿದ್ದಾರೆ. ಅವರಲ್ಲಿ ರಾಮ ಲಕ್ಷ್ಮಣರು ಫ್ರಾ ರಾಮ್, ಫ್ರಾ ಲಕ್. ಅವ್ವ ಸೀತೆಯನ್ನು ಹುಡುಕುತ್ತಾ ಒಂದೊಂದೇ ಹಲಗೆ ನೋಡಿದಳು.

ಹೋಗುವವರು ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಮಾರ್ಚ್ ಬಂತೆಂದರೆ ಬೆಟ್ಟದ ಹೊಲಗಳಿಗೆ ಬೆಂಕಿ ಹಾಕುತ್ತಾರೆ, ಹೊಗೆ ಕವಿಯುತ್ತದೆ. ವಿಯೆಂಟಿಯಾನ್‌ನಿಂದ 2021ರ ಡಿಸೆಂಬರ್‌ನಲ್ಲಿ ಶುರುವಾದ ರೈಲಿದೆ, ಎರಡು ಗಂಟೆ ಸಾಕು. ರಾತ್ರಿ ಸಂತೆಯಲ್ಲಿ ಸಿಗುವ ಅಗ್ಗದ ಬಟ್ಟೆಯಲ್ಲಿ ಮಿಲ್ಲಿನದೂ ಇರುತ್ತದೆ. ರೇಷ್ಮೆ ಬೇಕಿದ್ದರೆ ಸೇತುವೆ ದಾಟಿ ಮಗ್ಗದ ಹತ್ತಿರವೇ ಕೊಳ್ಳಿ, ಚೌಕಾಸಿ ಜಾಸ್ತಿ ಮಾಡಬೇಡಿ. ನಾನು ಬೆಲೆ ಇಳಿಸೋಕೆ ಬಾಯಿ ತೆರೆಯುವಷ್ಟರಲ್ಲೇ ಅವ್ವ ಆಕೆ ಕೇಳಿದಷ್ಟನ್ನೂ ಎಣಿಸಿ ಕೊಟ್ಟಿದ್ದಳು.