ಅಪ್ಪನ ರಸಪುರಿ ಮರ: ಕಟ್ಟೆ ಬಿಚ್ಚಿ ತರಗು ಹೊದಿಸಿದ ಎಂಟು ತಿಂಗಳು

ಮಾರ್ಚ್ 3

ಮರದ ನೆತ್ತಿ ಬೋಳಾಗುತ್ತಿದೆ. ಪಾಂಡವಪುರದ ಹತ್ತಿರ ನಮ್ಮ ಹಿತ್ತಿಲಲ್ಲಿ ಅಪ್ಪ ನೆಟ್ಟ ರಸಪುರಿ ಮಾವು ಇದು, ವಯಸ್ಸು ನಲವತ್ತು ದಾಟಿದೆ. ಎರಡು ವರ್ಷದಿಂದ ತುದಿಯ ರೆಂಬೆಗಳು ಒಣಗುತ್ತಿವೆ, ಎಲೆ ಚಿಕ್ಕದಾಗಿದೆ. ಪ್ರತಿ ಮುಂಗಾರಿಗೂ ಬುಡಕ್ಕೆ ಮಂಕರಿಗಟ್ಟಲೆ ಕೊಟ್ಟಿಗೆ ಗೊಬ್ಬರ ಸುರಿದಿದ್ದೇನೆ. ಸುರಿದ ಜಾಗವೇ ತಪ್ಪು. ಬುಡದ ದಪ್ಪ ಬೇರುಗಳ ಕೆಲಸ ಮುಖ್ಯವಾಗಿ ಮರವನ್ನು ಹಿಡಿದು ನಿಲ್ಲಿಸುವುದು. ನೀರು, ಸಾರ ಹೀರುವ ಎಳೆ ಬೇರುಗಳು ಬಹುಪಾಲು ಮೇಲಿನ ಒಂದು, ಒಂದೂವರೆ ಅಡಿ ಮಣ್ಣಿನಲ್ಲೇ ಇರುತ್ತವೆ. ಕೊಂಬೆಯ ನೆರಳು ಮುಗಿಯುವ ತನಕ, ಅದರಾಚೆಗೂ ಹರಡಿರುತ್ತವೆ. ನಾವು ಟ್ರ್ಯಾಕ್ಟರ್ ನಿಲ್ಲಿಸುತ್ತಿದ್ದದ್ದು ಸರಿಯಾಗಿ ಅಲ್ಲೇ.

ತಳ ಕಿತ್ತ ಹಳೆಯ ಪೇಂಟ್ ಡಬ್ಬವನ್ನು ಆ ಜಾಗದಲ್ಲಿ ಎರಡು ಬೆರಳಷ್ಟು ಒತ್ತಿ, ಒಂದು ಲೀಟರ್ ನೀರು ಹುಯ್ದೆ. ಇಂಗಲು 48 ನಿಮಿಷ ಹಿಡಿಯಿತು. ಬದುವಿನ ಹೊಂಗೆ ಮರದ ಕೆಳಗೆ, ಅದರದೇ ಎಲೆ ಉದುರಿ ಕೊಳೆತ ಮಣ್ಣಿನಲ್ಲಿ, ಅದೇ ನೀರಿಗೆ 9 ನಿಮಿಷ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಚಕ್ರ ತುಳಿದು ಮಣ್ಣಿನ ಸಂದುಗಳು ಮುಚ್ಚಿಹೋದರೆ ಎರಡೂ ಒಳಗೆ ಇಳಿಯುವುದಿಲ್ಲ. ಟ್ರ್ಯಾಕ್ಟರ್ ಇವತ್ತಿನಿಂದ ಕಣದ ಕಡೆಗೆ.

ಮಾರ್ಚ್ 9ರಿಂದ 15

ಕಟ್ಟೆಯ ವಿಷಯ. ಮನೆ ಕಟ್ಟಿಸುವಾಗ ಪಾಯದ ಮಣ್ಣನ್ನೆಲ್ಲ ಮರದ ಸುತ್ತ ಹಾಕಿಸಿ, ಅಪ್ಪ ಕಲ್ಲು ಕಟ್ಟಿಸಿದ್ದರು. ಅಂದರೆ ಕಾಂಡ ಒಂದೂವರೆ ಅಡಿ ಮಣ್ಣಿನೊಳಗೆ ಹೂತುಹೋಗಿತ್ತು. ಮರ ನೆಲ ಮುಟ್ಟುವಲ್ಲಿ ಆನೆಯ ಪಾದದ ಹಾಗೆ ಅಗಲವಾಗಬೇಕು. ನಮ್ಮದು ನೆಟ್ಟ ಕಂಬದಂತೆ ನೆಟ್ಟಗೆ ಇಳಿದಿತ್ತು. ಇಷ್ಟು ವರ್ಷ ದಿನಾ ನೋಡಿದ್ದೇನೆ, ಕಣ್ಣಿಗೆ ಬಿದ್ದಿರಲಿಲ್ಲ.

ಅವ್ವ ಒಪ್ಪಲಿಲ್ಲ. "ನಿಮ್ಮಪ್ಪ ಕಟ್ಟಿಸಿದ ಕಟ್ಟೆ ಕನ್ಲಾ, ಅದಕ್ಕೆ ಕೈ ಇಕ್ಬೇಡ" ಅಂದಳು. ಸಂಜೆ ಅವಳು ಅವರೆಕಾಯಿ ಸುಲಿಯುತ್ತಿದ್ದದ್ದು, ಅಪ್ಪ ಕೊನೆಯ ದಿನಗಳಲ್ಲಿ ಒರಗಿ ಕೂರುತ್ತಿದ್ದದ್ದು ಅಲ್ಲೇ. ಎರಡು ದಿನ ನಾನು ಆ ಮಾತೇ ಎತ್ತಲಿಲ್ಲ. ಮೂರನೇ ದಿನ ಒಂದು ಮೂಲೆಯಲ್ಲಿ ಕೈಯಷ್ಟಗಲ ಮಣ್ಣು ಬಗೆದು ತೊಗಟೆ ತೋರಿಸಿದೆ. ಮೆತ್ತಗಾಗಿ, ಹುಳಿ ವಾಸನೆ ಹೊಡೆಯುತ್ತಿತ್ತು. ಅವ್ವ ಮುಟ್ಟಿ ನೋಡಿ, "ತೆಗಿ" ಅಂದಳು.

ಪಿಕಾಸಿ, ಗುದ್ದಲಿ ಮುಟ್ಟಲಿಲ್ಲ. ಬಿದಿರು ಕಡ್ಡಿ, ಕೈಗುದ್ದಲಿ ಹಿಡಿದು ಐದು ದಿನ ಕೂತೆ. ಹಾಕಿದ ಮಣ್ಣಿನೊಳಗೆ ಕಾಂಡದಿಂದ ಹೊಸ ಬೇರುಗಳು ಹುಟ್ಟಿ, ಒಂದೆರಡು ಮರವನ್ನೇ ಸುತ್ತಿಕೊಂಡು ಬಿಗಿಯುತ್ತಿದ್ದವು. ಬೆರಳು ಗಾತ್ರದವನ್ನು ಗರಗಸದಿಂದ ಕತ್ತರಿಸಿದೆ. ತೋಳು ಗಾತ್ರದ್ದೊಂದಿದೆ, ಅದನ್ನು ಮುಟ್ಟಲು ಧೈರ್ಯ ಬರಲಿಲ್ಲ. ಈಗಾಗಲೇ ಸೊರಗಿರುವ ಮರಕ್ಕೆ ಅಷ್ಟು ದೊಡ್ಡ ಗಾಯ ಬೇಡ. ಕೊಳೆತ ತೊಗಟೆಯನ್ನಷ್ಟೇ ಕೆರೆದು ಬೋರ್ಡೋ ಮುಲಾಮು ಹಚ್ಚಿದೆ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕಲಸಬೇಕು, ಕಬ್ಬಿಣದ್ದು ಆಗದು. ಕಲಸಿದ ದಿನವೇ ಹಚ್ಚಿ ಮುಗಿಸಬೇಕು.

ಕಟ್ಟೆಯ ಚಪ್ಪಡಿಗಳಲ್ಲಿ ಅಗಲವಾದದ್ದನ್ನು ನೆರಳಿನ ಅಂಚಿಗೆ ಎರಡು ಕಲ್ಲಿನ ಮೇಲೆ ಕೂರಿಸಿದ್ದೇನೆ. ಅವ್ವ ಇನ್ನೂ ಅದರ ಮೇಲೆ ಕೂತಿಲ್ಲ.

ಮಾರ್ಚ್ 22

ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿದು ಮುಗಿಯಿತು. ತರಗಿಗೆ ಬೆಂಕಿ ಇಡುವ ಮೊದಲು ಓಡಿಹೋಗಿ ಕೇಳಿ, ಎರಡು ಗಾಡಿ ತಂದೆ. ನಮ್ಮ ಜಿಲ್ಲೆಯಲ್ಲಿ ಇಷ್ಟು ತರಗು ಸುಟ್ಟು ಬೂದಿಯಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಷ್ಟೂ ಮಣ್ಣಿಗೆ ಸೇರಬೇಕಾದದ್ದು.

ಮೊದಲು ಮರದ ಸುತ್ತ ತೆಳುವಾಗಿ ಕೊಟ್ಟಿಗೆ ಗೊಬ್ಬರ, ಅದರ ಮೇಲೆ ಅರ್ಧ ಅಡಿ ತರಗು. ಒಂದು ಮಳೆ ಬಿದ್ದರೆ ಮೂರು ಅಂಗುಲಕ್ಕೆ ಕೂರುತ್ತದೆ, ಅಷ್ಟು ಸಾಕು. ಕಾಂಡದಿಂದ ಎರಡಡಿ ಬಿಟ್ಟು ಶುರು ಮಾಡಿ, ನೆರಳಿನ ಅಂಚಿನವರೆಗೆ 18 ಅಡಿ ಹರಡಿದೆ. ಬುಡಕ್ಕೆ ಗುಡ್ಡೆ ಹಾಕಿದರೆ ಕಟ್ಟೆ ಬಿಚ್ಚಿದ್ದೇ ದಂಡ, ತೊಗಟೆ ಮತ್ತೆ ತೇವದಲ್ಲಿ ಕೊಳೆಯುತ್ತದೆ. ತರಗನ್ನು ಮಣ್ಣಿಗೆ ಬೆರೆಸಲಿಲ್ಲ. ಒಣ ತರಗಿನಲ್ಲಿ ಸಾರಜನಕ ಬಹಳ ಕಡಿಮೆ. ಮಣ್ಣಿನೊಳಗೆ ಹೂತರೆ ಅದನ್ನು ಕೊಳೆಸುವ ಜೀವಿಗಳು ಬೇರಿಗೆ ಸಿಗಬೇಕಾದ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಮೇಲೆ ಹೊದಿಸಿ ಸಗಣಿ ಬಗ್ಗಡ ಚಿಮುಕಿಸಿದೆ. ನೀರೊಲೆಯ ಬೂದಿಯನ್ನು ಆ ಕಡೆ ಚೆಲ್ಲಬಾರದೆಂದು ಮನೆಯವರಿಗೆಲ್ಲ ಹೇಳಿದ್ದೇನೆ. ಒಂದು ಕೆಂಡ ಸಾಕು.

ಜೂನ್ 11

ಹಣ್ಣು ಕಡಿಮೆ, ನಿರೀಕ್ಷಿಸಿದ್ದೆ. ಕಾಂಡದ ಮೇಲೆ ಗೆದ್ದಲಿನ ಮಣ್ಣುಗೆರೆ ಎರಡಡಿ ಏರಿತ್ತು. ಪೊರಕೆಯಿಂದ ಉಜ್ಜಿ ತೆಗೆದು ನೋಡಿದೆ, ತಿಂದಿದ್ದು ಮೇಲಿನ ಸತ್ತ ತೊಗಟೆಯನ್ನಷ್ಟೇ. ವಾರಕ್ಕೊಮ್ಮೆ ಉಜ್ಜುತ್ತಿದ್ದೇನೆ.

ಆಗಸ್ಟ್ 20

ತರಗು ಸರಿಸಿ ನೋಡಿದೆ. ಅಡಿಯ ಪದರ ಕಪ್ಪಗಾಗಿದೆ, ಬಿಳಿ ಬೂಷ್ಟಿನ ಎಳೆಗಳು ಹೆಣೆದುಕೊಂಡಿವೆ, ಒಂದು ಹಿಡಿಯಲ್ಲಿ ನಾಲ್ಕು ಎರೆಹುಳು. ಆ ಪದರದೊಳಗೇ ಮಾವಿನ ಎಳೆ ಬೇರುಗಳು ಮೇಲೆದ್ದು ಬಂದಿವೆ, ತುದಿ ಬೆಳ್ಳಗೆ. ತುಂಬ ಹೊತ್ತು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದೆ. ಮತ್ತೆ ಹಾಗೇ ಮುಚ್ಚಿದೆ.

ಅಕ್ಟೋಬರ್ 28

ಅದೇ ಡಬ್ಬ, ಅದೇ ಜಾಗ: 17 ನಿಮಿಷ. ನೆತ್ತಿಯ ಒಣ ರೆಂಬೆಗಳು ಹಾಗೇ ಇವೆ, ಅವು ಮತ್ತೆ ಚಿಗುರುವುದಿಲ್ಲ. ಅವುಗಳ ಕೆಳಗೆ ಮೂರು ಕಡೆ ತಾಮ್ರದ ಬಣ್ಣದ ಚಿಗುರು ಬಂದಿದೆ. ಹಿಂಗಾರು ಮುಗಿದ ಮೇಲೆ ನೀರು ಕೊಡುವುದಿಲ್ಲ, ಹೂ ಕಚ್ಚಲು ಮಾವಿಗೆ ಒಂದಿಷ್ಟು ಒಣ ಕಾಲ ಬೇಕು. ತರಗು ಒಂದೂವರೆ ಅಂಗುಲಕ್ಕೆ ಇಳಿದಿದೆ. ಪಕ್ಕದವರು ಜನವರಿಯಲ್ಲಿ ಕಬ್ಬು ಕಡಿಸುತ್ತಾರಂತೆ, ಗಾಡಿಗೆ ಈಗಲೇ ಹೇಳಿಟ್ಟಿದ್ದೇನೆ. ಅವ್ವ ನಿನ್ನೆ ಸಂಜೆ ಚಪ್ಪಡಿಯ ಮೇಲೆ ಕೂತು ಸೊಪ್ಪು ಸೋಸಿದಳು. ಕಡ್ಡಿಗಳನ್ನೆಲ್ಲ ತರಗಿನ ಮೇಲೇ ಹಾಕಿದಳು.